ಮುನಿಸಲ್ಲ, ಶುಗರ್ ಇರಬಹುದು!

ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದಿಟ್ಟು, ಮಕ್ಕಳು ಸ್ಕೂಲಿನಿಂದ ಬರೋದಕ್ಕೆ ಇನ್ನೂ ಒಂದು ಗಂಟೆ ಇದೆ ಅನ್ನುವ ಹೊತ್ತು. ನಮ್ಮ ಬೀದಿಯ ಗೆಳತಿಯೊಬ್ಬಳು ಕರಿಬೇವು ಕೇಳುವ ನೆಪದಲ್ಲಿ ಬಂದಳು. ಕರಿಬೇವು ಕೊಟ್ಟರೂ ಹೋಗಲಿಲ್ಲ. ಅಡುಗೆಮನೆ ಕಟ್ಟೆಗೆ ಒರಗಿ ನಿಂತವಳು ಮೆಲ್ಲಗೆ ಹೇಳಿದಳು, 'ನಮ್ಮೆಜಮಾನ್ರು ಒಂದು ವರ್ಷದಿಂದ ಹಾಲ್‌ನಲ್ಲೇ ಮಲಗ್ತಿದ್ದಾರೆ ಕಣೇ. ಟೀವಿ ನೋಡ್ತಾ ಹಾಗೇ ನಿದ್ದೆ ಬಂತು ಅಂತಾರೆ. ನಾನು ದಪ್ಪಗಾಗಿದೀನಿ ಅಂತಾನೋ, ಇಲ್ಲಾ ಆಫೀಸಲ್ಲಿ ಯಾರಾದ್ರೂ...' ಮಾತು ಮುಗಿಸಲಿಲ್ಲ. ಕಣ್ಣು ತುಂಬಿತ್ತು.

ಅವಳು ಸುಮ್ಮನೆ ಕೂತಿರಲಿಲ್ಲ. ರಾತ್ರಿ ಅನ್ನ ಬಿಟ್ಟು ಚಪಾತಿಗೆ ಬಂದಿದ್ದಳು. ಪಾರ್ಲರ್‌ಗೆ ಹೋಗಿ ಬಂದಿದ್ದಳು. ಗಂಡ ಸ್ನಾನಕ್ಕೆ ಹೋದಾಗ ಮೊಬೈಲ್ ತೆಗೆದು ನೋಡಿದ್ದಳು. ದೇವರಿಗೆ ಹರಕೆ ಹೊತ್ತಿದ್ದಳು. ಎಲ್ಲ ಮಾಡಿದ್ದಳು, ಒಂದು ರಕ್ತಪರೀಕ್ಷೆ ಬಿಟ್ಟು!

ಆಮೇಲೆ ಗೊತ್ತಾಗಿದ್ದು ಹೀಗೆ. ಅವರ ಕಾಲಿನ ಹೆಬ್ಬೆರಳ ಗಾಯ ಮೂರು ವಾರವಾದರೂ ಮಾಯಲಿಲ್ಲ. ಡಾಕ್ಟರ ಹತ್ತಿರ ಹೋದರೆ ಖಾಲಿ ಹೊಟ್ಟೆಯ ಶುಗರ್ 210. ಡಾಕ್ಟರು ಇವಳನ್ನು ಹೊರಗೆ ಕೂರಿಸಿ ಅವರೊಬ್ಬರನ್ನೇ ಕೇಳಿದರಂತೆ, 'ದಾಂಪತ್ಯ ಹೇಗಿದೆ?' ಹೆಂಡತಿಗೆ ಹೇಳಲಾರದ್ದನ್ನು ಆ ಮನುಷ್ಯ ಡಾಕ್ಟರ ಮುಂದೆ ಹೇಳಿಕೊಂಡರು. ಎರಡು ವರ್ಷದಿಂದ ಸರಿಯಾಗಿ ನಿಮಿರುವಿಕೆ ಆಗುತ್ತಿಲ್ಲ. ಹೆಂಡತಿ ಎದುರು ಸೋತು ಹೋಗುತ್ತೇನೆ ಎಂಬ ಭಯಕ್ಕೆ ದಿಂಬು ಎತ್ತಿಕೊಂಡು ಹಾಲ್‌ಗೆ ಹೋಗಿದ್ದರು.

ಗೆಳತಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ನಿಮ್ಮ ಹಾಗೆಯೇ ಗೃಹಿಣಿ. ಆದರೆ ಇದರ ಬಗ್ಗೆ ಓದಿ ತಿಳಿದುಕೊಂಡ ಮೇಲೆ ಅನ್ನಿಸಿದ್ದು ಇಷ್ಟೇ: ಗಂಡ ದೂರ ಸರಿದರೆ ನಮ್ಮನ್ನು ನಾವು ಹಳಿದುಕೊಳ್ಳುವ ಮೊದಲು, ಅವರನ್ನು ಅನುಮಾನಿಸುವ ಮೊದಲು, ಅವರ ಆರೋಗ್ಯವನ್ನೊಮ್ಮೆ ನೋಡಬೇಕು.

ದೇಹದೊಳಗೆ ಆಗುವುದೇನು?

ಗಂಡಸಿನ ನಿಮಿರುವಿಕೆ ಮನಸ್ಸಿನ ಆಸೆಯೊಂದರಿಂದಲೇ ಆಗುವುದಿಲ್ಲ. ಮಿದುಳಿನಿಂದ ನರಗಳ ಮೂಲಕ ಸಂದೇಶ ಹೋಗಬೇಕು. ಆಗ ನೈಟ್ರಿಕ್ ಆಕ್ಸೈಡ್ ಎಂಬ ವಸ್ತು ಬಿಡುಗಡೆಯಾಗಿ, ಶಿಶ್ನದ ರಕ್ತನಾಳಗಳು ಸಡಿಲಗೊಂಡು, ರಕ್ತ ತುಂಬಿಕೊಂಡು, ಅಲ್ಲೇ ನಿಲ್ಲಬೇಕು. ಮನಸ್ಸು, ನರ, ರಕ್ತನಾಳ, ಹಾರ್ಮೋನು ನಾಲ್ಕೂ ಸರಿ ಇದ್ದರೆ ಮಾತ್ರ ಇದು ಸಾಧ್ಯ. ದೀರ್ಘಕಾಲದ ಕಾಯಿಲೆಗಳು ಈ ನಾಲ್ಕರಲ್ಲಿ ಒಂದಕ್ಕೋ, ಕೆಲವೊಮ್ಮೆ ನಾಲ್ಕಕ್ಕೂ ಪೆಟ್ಟು ಕೊಡುತ್ತವೆ.

ಬೋರ್‌ವೆಲ್ ನೀರು ಬಳಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಗಡಸು ನೀರಿನ ಲವಣ ಮೊದಲು ಕಟ್ಟುವುದು ಎಲ್ಲಿ? ಶವರಿನ ಸಣ್ಣ ಸಣ್ಣ ತೂತುಗಳಲ್ಲಿ. ದೊಡ್ಡ ಪೈಪಿನ ಸರದಿ ಆಮೇಲೆ. ದೇಹದಲ್ಲೂ ಹಾಗೇ. ಶಿಶ್ನದ ರಕ್ತನಾಳದ ಅಗಲ ಒಂದೆರಡು ಮಿಲಿಮೀಟರ್. ಹೃದಯಕ್ಕೆ ರಕ್ತ ಒಯ್ಯುವ ನಾಳಗಳದ್ದು ಮೂರ್ನಾಲ್ಕು ಮಿಲಿಮೀಟರ್. ಕೊಬ್ಬು ಕಟ್ಟಿ ನಾಳ ಕಿರಿದಾಗತೊಡಗಿದರೆ ಸಣ್ಣ ನಾಳದಲ್ಲಿ ತೊಂದರೆ ಮೊದಲು ಕಾಣುತ್ತದೆ. ಹಲವು ಗಂಡಸರಲ್ಲಿ ಎದೆನೋವು ಬರುವುದಕ್ಕೆ ಎರಡು ಮೂರು ವರ್ಷ ಮುಂಚೆಯೇ ಹಾಸಿಗೆಯಲ್ಲಿ ತೊಂದರೆ ಶುರುವಾಗಿರುತ್ತದೆ ಎಂದು ವೈದ್ಯರು ಹೇಳುವುದು ಇದಕ್ಕೇ. ಅಂದರೆ ಇದು ಬರೀ ಮಲಗುವ ಕೋಣೆಯ ವಿಷಯವಲ್ಲ. ಜೀವದ ಪ್ರಶ್ನೆ.

ಶುಗರ್ ಎಂಬ ಸದ್ದಿಲ್ಲದ ಕಳ್ಳ

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದು, ಮಧುಮೇಹವಿರುವ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿಮಿರುವಿಕೆಯ ತೊಂದರೆ ಇದೆ ಎಂದಿತು. ಇದು ಉಳಿದವರಿಗಿಂತ ಹತ್ತು ವರ್ಷ ಮುಂಚೆಯೇ ಕಾಣಿಸಿಕೊಳ್ಳಬಹುದು. ಮುದುಕರ ಸಮಸ್ಯೆ ಅಂದುಕೊಂಡಿದ್ದು ನಲವತ್ತಕ್ಕೇ ಬಾಗಿಲು ತಟ್ಟುತ್ತದೆ.

ಸಕ್ಕರೆ ಹೆಚ್ಚಾದಾಗ ನರಗಳಿಗೂ ರಕ್ತನಾಳಗಳಿಗೂ ಒಟ್ಟಿಗೇ ಹಾನಿ. ಅಂಗಾಲು ಜುಮ್ಮೆನ್ನುವುದು, ಉರಿಯುವುದು ನಿಮಗೆ ಗೊತ್ತೇ ಇದೆ. ಅದೇ ಬಗೆಯ ಹಾನಿ ಲೈಂಗಿಕ ಅಂಗದ ನರಗಳಿಗೂ ಆಗುತ್ತದೆ. ಅದರ ಮೇಲೆ ಸುಸ್ತು, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು, ಕೆಲವರಿಗೆ ಟೆಸ್ಟೋಸ್ಟೆರಾನ್ ಹಾರ್ಮೋನು ಕಡಿಮೆಯಾಗಿ ಆಸೆಯೇ ಕುಗ್ಗುವುದು.

ಇನ್ನೊಂದು ಲಕ್ಷಣ ನಮಗೇ ಮೊದಲು ತಿಳಿಯಬಹುದು. ಸಕ್ಕರೆ ಹತೋಟಿಯಲ್ಲಿಲ್ಲದ ಗಂಡಸರಿಗೆ ಶಿಶ್ನದ ತುದಿ ಕೆಂಪಾಗಿ, ನವೆಯಾಗಿ, ಮುಂದೊಗಲು ಬಿರಿಯುತ್ತದೆ. ಇದು ಶಿಲೀಂಧ್ರದ ಸೋಂಕು. ಹೆಂಡತಿಗೂ ಪದೇ ಪದೇ ತುರಿಕೆ, ಬಿಳಿ ಸ್ರಾವ ಕಾಣಿಸಬಹುದು. ಹೀಗಾಗುತ್ತಿದ್ದರೆ ನೀವೊಬ್ಬರೇ ಮುಲಾಮು ಹಚ್ಚಿಕೊಂಡು ಸುಮ್ಮನಾಗಬೇಡಿ. ಇಬ್ಬರೂ ತೋರಿಸಿಕೊಳ್ಳಿ, ಇಬ್ಬರೂ ಶುಗರ್ ಪರೀಕ್ಷೆ ಮಾಡಿಸಿಕೊಳ್ಳಿ.

ಮಗುವಾಗಿಲ್ಲ ಎಂದು ಸೊಸೆಯನ್ನು ದೂರುವ ಮುನ್ನ

ಇದನ್ನು ಅತ್ತೆಯಂದಿರೂ ಓದಬೇಕು. ಕೆಲವು ಮಧುಮೇಹಿಗಳಿಗೆ ಮೂತ್ರಕೋಶದ ಬಾಯಿಯ ನರಗಳು ದುರ್ಬಲವಾಗಿ, ಮಿಲನದ ಕೊನೆಯಲ್ಲಿ ವೀರ್ಯ ಹೊರಬರುವ ಬದಲು ಹಿಂದಕ್ಕೆ ಹರಿದು ಮೂತ್ರಕೋಶ ಸೇರುತ್ತದೆ. ಸುಖದ ಅನುಭವ ಆಗುತ್ತದೆ, ವೀರ್ಯ ಮಾತ್ರ ಬರುವುದೇ ಇಲ್ಲ, ಇಲ್ಲವೇ ತೀರಾ ಕಡಿಮೆ. ಆಮೇಲೆ ಮೂತ್ರ ಮಬ್ಬಾಗಿ ಹೋಗುತ್ತದೆ. ಇದರಿಂದ ಗಂಡಸಿನ ದೇಹಕ್ಕೆ ಅಪಾಯವಿಲ್ಲ, ಆದರೆ ಮಗುವಾಗುವುದು ಕಷ್ಟ.

ನಮ್ಮಲ್ಲಿ ಏನಾಗುತ್ತದೆ ಹೇಳಿ? ಮದುವೆಯಾಗಿ ಮೂರು ವರ್ಷವಾದರೂ ತೊಟ್ಟಿಲು ತೂಗಲಿಲ್ಲ ಎಂದು ಸೊಸೆಗೆ ಸ್ಕ್ಯಾನಿಂಗ್, ಸೊಸೆಗೆ ಕಷಾಯ, ಸೊಸೆಗೆ ನಾಗರಪೂಜೆ. ಮಗನಿಗೆ ಒಂದು ವೀರ್ಯಪರೀಕ್ಷೆಯೂ ಇಲ್ಲ. ಚಿಕ್ಕ ವಯಸ್ಸಿನಿಂದಲೇ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರ ಮನೆಯಲ್ಲಂತೂ ಇದನ್ನು ಮೊದಲೇ ಯೋಚಿಸಬೇಕು. ಚಿಕಿತ್ಸೆ ಇದೆ. ಬೇಕಾದರೆ ಮೂತ್ರದಿಂದಲೇ ವೀರ್ಯಾಣು ಬೇರ್ಪಡಿಸಿ ಗರ್ಭಧಾರಣೆಗೆ ಬಳಸುವ ವಿಧಾನವೂ ಇದೆ.

ಬಿಪಿ: ಕಾಯಿಲೆಯೋ, ಮಾತ್ರೆಯೋ?

ರಕ್ತದೊತ್ತಡ ಹೆಚ್ಚಿದ್ದರೆ ನಾಳಗಳು ಗಡುಸಾಗಿ ರಕ್ತದ ಹರಿವು ಕುಗ್ಗುತ್ತದೆ. ಅದರ ಜೊತೆಗೆ ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಈ ತೊಂದರೆ ಬರಬಹುದು. ಮೂತ್ರ ಹೆಚ್ಚಿಸುವ ಥಯಾಜೈಡ್ ಗುಂಪಿನ ಮಾತ್ರೆ, ಬೀಟಾ ಬ್ಲಾಕರ್ ಗುಂಪಿನ ಅಟೆನೊಲಾಲ್‌ನಂಥವು ಇದಕ್ಕೆ ಉದಾಹರಣೆ. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳೂ ಆಸೆಯನ್ನು ತಗ್ಗಿಸುತ್ತವೆ.

ಹಾಗಂತ ಮಾತ್ರೆ ನಿಲ್ಲಿಸುವುದೇ? ಖಂಡಿತ ಕೂಡದು! ಯಾರಿಗೂ ಹೇಳದೆ ಬಿಪಿ ಮಾತ್ರೆ ಬಿಟ್ಟು, ಒಂದು ಬೆಳಗ್ಗೆ ಪಾರ್ಶ್ವವಾಯು ಹೊಡೆದರೆ ಗತಿಯೇನು? 'ಈ ಮಾತ್ರೆ ಶುರುವಾದ ಮೇಲೆ ಹೀಗಾಯ್ತು ಡಾಕ್ಟ್ರೇ' ಎಂದು ಹೇಳಿದರೆ ಸಾಕು. ಬದಲಿ ಮಾತ್ರೆಗಳು ಬೇಕಾದಷ್ಟಿವೆ, ಅವರೇ ಬದಲಾಯಿಸಿಕೊಡುತ್ತಾರೆ. ನಿಮ್ಮವರು ಮಾತ್ರೆ ಸ್ಟ್ರಿಪ್ ಮುಗಿಸುತ್ತಿದ್ದಾರೋ ಇಲ್ಲವೋ ಎಂದು ಒಮ್ಮೆ ನೋಡಿ. ಎಷ್ಟೋ ಗಂಡಸರು ಸುಮ್ಮನೆ ಮಾತ್ರೆ ಬಿಡುವುದು ಇದೇ ಕಾರಣಕ್ಕೆ.

ಹಾರ್ಟ್ ಅಟ್ಯಾಕ್ ಆದ ಮೇಲೆ

ಹೃದಯಾಘಾತವಾಗಿ ಮನೆಗೆ ಬಂದ ಗಂಡನನ್ನು ಮುಟ್ಟಲೂ ಹೆದರುವ ಹೆಂಡತಿಯರಿದ್ದಾರೆ. 'ನನ್ನಿಂದ ಏನಾದ್ರೂ ಆಗಿಬಿಟ್ರೆ?' ಈ ಭಯ ಅವರಲ್ಲೂ ಇರುತ್ತದೆ. ಇಬ್ಬರೂ ಬಾಯಿ ಬಿಡುವುದಿಲ್ಲ. ಎದೆನೋವು, ವಿಪರೀತ ಏದುಸಿರು ಇಲ್ಲದೆ ಎರಡು ಮಹಡಿ ಮೆಟ್ಟಿಲು ಹತ್ತಬಲ್ಲವರಿಗೆ ಸಾಮಾನ್ಯವಾಗಿ ದಾಂಪತ್ಯಕ್ಕೆ ಅಡ್ಡಿಯಿಲ್ಲ ಎನ್ನುವುದು ವೈದ್ಯರ ಲೆಕ್ಕ. ಆದರೂ ಯಾವಾಗಿನಿಂದ ಎಂಬುದನ್ನು ನಿಮ್ಮ ಹೃದಯತಜ್ಞರನ್ನೇ ಕೇಳಿ.

ಒಂದು ಎಚ್ಚರಿಕೆ ಮಾತ್ರ ಕಂಠಪಾಠ ಆಗಬೇಕು. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್, ತಡಾಲಫಿಲ್ ಮಾತ್ರೆಗಳನ್ನು ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯ ಜೊತೆ ಎಂದೂ ಸೇರಿಸಕೂಡದು. ರಕ್ತದೊತ್ತಡ ಏಕಾಏಕಿ ಕುಸಿದು ಪ್ರಾಣಕ್ಕೇ ಕುತ್ತು. ಸಿಲ್ಡೆನಾಫಿಲ್ ಅನ್ನು ಮೊದಲು ಪರೀಕ್ಷಿಸಿದ್ದು ಹೃದಯದ ನೋವಿಗೆಂದೇ. ನಿಮಿರುವಿಕೆಗೆ ನೆರವಾಗುತ್ತದೆಂದು ಆಮೇಲೆ ತಿಳಿದು, 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸರಿಯಾದವರಿಗೆ ಡಾಕ್ಟರ ಚೀಟಿಯಂತೆ ಕೊಟ್ಟರೆ ಒಳ್ಳೆಯ ಔಷಧಿ. ಗೆಳೆಯ ಕೊಟ್ಟನೆಂದು ನುಂಗಿದರೆ ಆಪತ್ತು. ಆ ಮಾತ್ರೆ ತೆಗೆದುಕೊಂಡ ರಾತ್ರಿ ಎದೆನೋವು ಬಂದರೆ ನಾಚಿಕೆ ಬಿಟ್ಟು ಆಸ್ಪತ್ರೆಯವರಿಗೆ ಮೊದಲು ಅದನ್ನೇ ಹೇಳಿ.

ಮೂತ್ರಪಿಂಡದ ಕಾಯಿಲೆ, ಥೈರಾಯ್ಡ್ ಏರುಪೇರು, ಬೊಜ್ಜು, ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ, ಇವುಗಳಿಂದಲೂ ಗಂಡಸಿನ ಲೈಂಗಿಕ ಶಕ್ತಿ ಕುಗ್ಗುತ್ತದೆ. ಸಿಗರೇಟು, ಹೆಂಡ ಸೇರಿದರಂತೂ ಕೇಳಲೇಬೇಡಿ.

ಮಾತು ಶುರು ಮಾಡುವುದು ಹೇಗೆ?

ಹಾಸಿಗೆಯಲ್ಲಿ ಅಲ್ಲ. ಸೋತ ಕೂಡಲೇ ಅಲ್ಲ. 'ನಿಮ್ಮ ಕೈಲಿ ಆಗಲ್ಲ' ಎಂಬ ಒಂದು ಮಾತು ಹತ್ತು ವರ್ಷ ನೆನಪಿರುತ್ತದೆ. ಸಂಜೆ ವಾಕಿಂಗ್ ಹೋದಾಗಲೋ, ಮಕ್ಕಳಿಲ್ಲದ ಭಾನುವಾರ ಬೆಳಗ್ಗೆಯೋ ಮೆಲ್ಲಗೆ ಹೇಳಿ, 'ರೀ, ನಂಗೆ ನಿಮ್ಮ ಮೇಲೆ ಕೋಪ ಇಲ್ಲ. ಆರೋಗ್ಯದ ಬಗ್ಗೆ ಚಿಂತೆ ಅಷ್ಟೇ. ಇಬ್ರೂ ಒಂದ್ಸಲ ಚೆಕಪ್ ಮಾಡಿಸ್ಕೊಳೋಣ.' ಗಂಡಸರಿಗೆ 'ನೀವು ಹೋಗಿ' ಎಂದರೆ ಸಿಟ್ಟು. 'ಇಬ್ಬರೂ ಹೋಗೋಣ' ಎಂದರೆ ಬಗ್ಗುತ್ತಾರೆ.

ಅವರು ಬೆಳಗ್ಗೆ ಏಳುವಾಗ ತಾನಾಗಿ ನಿಮಿರುವಿಕೆ ಇರುತ್ತದಾ ಎಂಬುದನ್ನು ಡಾಕ್ಟರು ಕೇಳುತ್ತಾರೆ. ಅದು ಮೊದಲಿನ ಹಾಗೇ ಇದ್ದರೆ ಮನಸ್ಸಿನ ಒತ್ತಡದ ಕಡೆ, ಅದೂ ನಿಂತಿದ್ದರೆ ದೇಹದ ಕಾಯಿಲೆಯ ಕಡೆ ಬೆರಳು ತೋರಿಸುತ್ತದೆ. ಎಷ್ಟೋ ಸಲ ಎರಡೂ ಹೆಣೆದುಕೊಂಡಿರುತ್ತವೆ. ಕಾಯಿಲೆಯಿಂದ ಒಮ್ಮೆ ಸೋತವರು ಮುಂದಿನ ಸಲ ಭಯದಿಂದಲೇ ಸೋಲುತ್ತಾರೆ. ಅಂಥವರಿಗೆ ಮಾತ್ರೆಯ ಜೊತೆ ಆಪ್ತಸಲಹೆಯೂ ಬೇಕು.

ಎಲ್ಲ ಪರೀಕ್ಷೆಯೂ ಸರಿ ಇದೆ, ಆದರೂ ಅವರು ದೂರವೇ ಇದ್ದಾರೆ ಅಂದರೆ ಕಾರಣ ಬೇರೆ ಇರಬಹುದು. ಅದನ್ನು ಕೂತು ಮಾತಾಡಲೇಬೇಕು. ನಿಮ್ಮ ಆಸೆಯನ್ನೂ ಮುಚ್ಚಿಡಬೇಡಿ. 'ನನಗೇನೂ ಬೇಡ' ಎಂದು ತ್ಯಾಗ ಮಾಡಿದರೆ ಅವರ ಕಾಯಿಲೆಯೂ ಮುಚ್ಚಿಹೋಗುತ್ತದೆ.

ನೆನಪಿಡಿ

* ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರು ಅಥವಾ ಫಿಸಿಶಿಯನ್ ಹತ್ತಿರ ಹೋಗಿ. ಬೇಕಾದರೆ ಅವರೇ ಮೂತ್ರಾಂಗ ತಜ್ಞರ ಬಳಿ ಕಳಿಸುತ್ತಾರೆ.

* ಬಿಪಿ, ಊಟಕ್ಕೆ ಮುಂಚಿನ ಮತ್ತು ನಂತರದ ಶುಗರ್, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಥೈರಾಯ್ಡ್, ಬೆಳಗಿನ ಹೊತ್ತು ಟೆಸ್ಟೋಸ್ಟೆರಾನ್ ಪರೀಕ್ಷೆ ಬರೆದುಕೊಡಬಹುದು. ಹೃದಯ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ.

* ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದೂ ಸೇರಿಸಿ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

* ಅವರ ಸೊಂಟಕ್ಕೆ ಟೇಪು ಹಿಡಿಯಿರಿ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ಇಟಲಿಯಲ್ಲಿ ಈ ತೊಂದರೆಯಿದ್ದ ಬೊಜ್ಜು ಗಂಡಸರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟ, ವ್ಯಾಯಾಮದಿಂದ ತೂಕ ಇಳಿಸಿದ ಗುಂಪಿನ ಸುಮಾರು ಮೂರನೇ ಒಂದು ಭಾಗದವರಿಗೆ ಎರಡು ವರ್ಷದಲ್ಲಿ ಶಕ್ತಿ ಮರಳಿತ್ತು. ಅನ್ನ ಕಡಿಮೆ, ಪಲ್ಯ ಹೆಚ್ಚು, ಕಾಫಿಗೆ ಸಕ್ಕರೆ ಬೇಡ. ಇದು ನಮ್ಮ ಕೈಯಲ್ಲೇ ಇದೆಯಲ್ಲ!

* ಬಸ್‌ಸ್ಟ್ಯಾಂಡ್ ಗೋಡೆಯ 'ಗುಪ್ತರೋಗ' ಪೋಸ್ಟರ್, ಲಾಡ್ಜಿನ ರೂಮಿನಲ್ಲಿ ಕೂರುವ 'ವೈದ್ಯ'ರನ್ನು ನಂಬಬೇಡಿ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದು 1954ರ ಕಾಯ್ದೆಯಂತೆ ಅಪರಾಧ.

ದಿಂಬು ಒಳಗೆ ಬಂತು

ನನ್ನ ಗೆಳತಿಯ ಕಥೆಗೆ ಬರೋಣ. ಮೊದಲ ದಿನ ಅವಳಿಗೆ ಬಂದಿದ್ದು ಸಮಾಧಾನವಲ್ಲ, ಸಿಟ್ಟು. 'ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವೇನ್ರೀ? ಒಂದು ವರ್ಷ ನನ್ನನ್ನ ನಾನೇ ತಿಂದುಕೊಂಡ್ನಲ್ಲ!' ಎಂದು ಅತ್ತಳಂತೆ. ಅವರು ತಲೆ ತಗ್ಗಿಸಿ, 'ನೀನು ನಗ್ತೀಯ ಅಂದ್ಕೊಂಡೆ' ಎಂದರಂತೆ.

ಈಗ ಇಬ್ಬರೂ ಬೆಳಗ್ಗೆ ಪಾರ್ಕಿನಲ್ಲಿ ನಡೆಯುತ್ತಾರೆ. ಗಾಯ ಮಾಯ್ದಿದೆ. ಶುಗರ್ ಹತೋಟಿಗೆ ಬರುತ್ತಿದೆ. ಡಾಕ್ಟರು ಒಂದು ಮಾತ್ರೆಯನ್ನೂ ಕೊಟ್ಟಿದ್ದಾರೆ. ಮೊನ್ನೆ ಕರಿಬೇವಿನ ನೆಪವೂ ಇಲ್ಲದೆ ಬಂದವಳು ಹೇಳಿದಳು, 'ಎಲ್ಲಾ ಮೊದಲಿನ ಥರ ಆಗಿಲ್ಲ ಕಣೇ. ಕೆಲವು ದಿನ ಆಗುತ್ತೆ, ಕೆಲವು ದಿನ ಇಲ್ಲ. ಆದ್ರೆ ಹಾಲ್‌ನಲ್ಲಿದ್ದ ದಿಂಬು ಒಳಗೆ ಬಂತು.'

ನಿಮ್ಮ ಮನೆಯಲ್ಲೂ ದಿಂಬು ಹೊರಗೆ ಹೋಗಿದೆಯಾ? ಇವತ್ತೇ ಜಗಳಕ್ಕೆ ನಿಲ್ಲಬೇಡಿ. ನಾಳೆ ಬೆಳಗ್ಗೆ ಕಾಫಿ ಕೊಡುವ ಮೊದಲು, ಖಾಲಿ ಹೊಟ್ಟೆಯಲ್ಲೇ ಇಬ್ಬರೂ ಲ್ಯಾಬಿಗೆ ಹೋಗಿ ಬನ್ನಿ.