ಸ್ಪಾರ್ಕ್ ಪ್ಲಗ್ಗಿನ ಆಯ್ಕೆಯೂ ಸ್ಥಾನವೂ

ಪೆಟ್ರೋಲಿನಿಂದ ನಡೆಯುವ ಎಂಜಿನ್ನು ಕಾರಿನದಾಗಲಿ, ನೀರೆತ್ತುವ ಪಂಪಿನದಾಗಲಿ, ಔಷಧ ಸಿಂಪಡಿಸುವ ಸಣ್ಣ ಯಂತ್ರದ್ದಾಗಲಿ, ಅದರೊಳಗಿನ ಗಾಳಿಗೂ ಪೆಟ್ರೋಲಿನ ಆವಿಗೂ ಬೆಂಕಿ ಹೊತ್ತಿಸುವುದು ಸ್ಪಾರ್ಕ್ ಪ್ಲಗ್ಗಿನ ಕೆಲಸವು. ಟ್ರಾಕ್ಟರು ಮುಂತಾದ ಡೀಸೆಲ್ ಯಂತ್ರಗಳಲ್ಲಿ ಈ ಪ್ಲಗ್ಗು ಇರುವುದಿಲ್ಲ. ಅಲ್ಲಿ ಗಾಳಿಯನ್ನು ಬಲವಾಗಿ ಒತ್ತುವುದರಿಂದ ಹುಟ್ಟುವ ಶಾಖಕ್ಕೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹೆಚ್ಚು ಬೆಲೆಯ ಪ್ಲಗ್ಗನ್ನು ಹಾಕಿದರೆ ಎಂಜಿನ್ನಿನ ಶಕ್ತಿ ಹೆಚ್ಚುವುದೆಂದು ಬಿಡಿಭಾಗಗಳ ಅಂಗಡಿಗಳಲ್ಲಿ ಹೇಳುವುದುಂಟು. ಪ್ಲಗ್ಗಿನ ಬಾಯಿ ಇಂಥ ದಿಕ್ಕಿಗೇ ತಿರುಗಿರಬೇಕೆಂದು ಹೇಳುವ ಮೆಕ್ಯಾನಿಕ್ಕುಗಳೂ ಇದ್ದಾರೆ. ಇವುಗಳಲ್ಲಿ ಎಷ್ಟು ನಿಜವೆಂಬುದನ್ನು ಹಣ ಕೊಡುವವರು ಮೊದಲೇ ತಿಳಿದುಕೊಳ್ಳುವುದು ಮೇಲು.

ಎಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುತ್ತಿರುವಾಗ ಒಂದು ಸುತ್ತಿಗೆ ಸಿಕ್ಕುವ ಕಾಲವು ಸೆಕೆಂಡಿನ ೫೦ರಲ್ಲಿ ಒಂದು ಭಾಗ ಮಾತ್ರ. ಈ ಅಲ್ಪಕಾಲದ ಒಂದು ಸಣ್ಣ ಪಾಲಿನೊಳಗೆ ಜ್ವಾಲೆಯು ಸಿಲಿಂಡರಿನ ಮೂಲೆಮೂಲೆಗೂ ಹಬ್ಬಬೇಕು. ತರಗೆಲೆಯ ರಾಶಿಗೆ ಒಂದು ಅಂಚಿನಲ್ಲಿ ಬೆಂಕಿಯಿಟ್ಟರೆ ಅದು ಇನ್ನೊಂದು ಅಂಚನ್ನು ಮುಟ್ಟುವಷ್ಟರಲ್ಲಿ ಬಹಳ ಹೊತ್ತಾಗುವುದು. ನಡುವೆ ಹೊತ್ತಿಸಿದರೆ ಬೇಗನೆ ಎಲ್ಲ ಕಡೆಗೂ ಹಬ್ಬುವುದು. ಸಿಲಿಂಡರಿನಲ್ಲಿಯೂ ಹಾಗೆಯೇ. ಜ್ವಾಲೆಯು ದೂರ ಸಾಗಬೇಕಾದಲ್ಲಿ, ಇನ್ನೂ ಉರಿಯದೆ ಉಳಿದ ಮಿಶ್ರಣವು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ತಾನಾಗಿ ಸಿಡಿಯುವುದು. ಆಗ ಲೋಹವನ್ನು ಸುತ್ತಿಗೆಯಿಂದ ಬಡಿದಂತೆ ಶಬ್ದ ಕೇಳಿಸುತ್ತದೆ. ಈ ಬಡಿತವು ಮುಂದುವರಿದರೆ ಪಿಸ್ಟನ್ನಿಗೆ ಕೇಡು ತಪ್ಪದು.

ಆದಕಾರಣ ಪ್ಲಗ್ಗಿನ ಸ್ಥಾನವು ಎಂಜಿನ್ನಿನ ಶಕ್ತಿಯನ್ನು ನಿಶ್ಚಯವಾಗಿಯೂ ಬದಲಿಸತಕ್ಕದ್ದಾಗಿದೆ. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದ ಹಳೆಯ ಎಂಜಿನ್ನುಗಳ ಬಡಿತವನ್ನು ತಗ್ಗಿಸುವುದಕ್ಕಾಗಿ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೋ ಎಂಬ ಎಂಜಿನಿಯರು ೧೯೨೦ರ ಸುಮಾರಿನಲ್ಲಿ ಅವುಗಳ ಮೇಲ್ಭಾಗದ ಆಕಾರವನ್ನೇ ಬದಲಿಸಿ, ಜ್ವಾಲೆ ಸಾಗುವ ದಾರಿಯನ್ನು ಗಿಡ್ಡಮಾಡಿದನು. ಪ್ಲಗ್ಗನ್ನು ನಡುವಿನಲ್ಲಿಡಲು ಆಗದಿದ್ದರೆ ಹೊಗೆ ಹೊರಹೋಗುವ ಬಿಸಿ ವಾಲ್ವಿನ ಕಡೆಗೆ ಸರಿಸುವುದು ವಾಡಿಕೆಯಾಯಿತು. ಬಿಸಿಯಾದ ಮೂಲೆಯು ಮೊದಲು ಉರಿದುಹೋದರೆ ಕೊನೆಯಲ್ಲಿ ಸಿಡಿಯುವ ಭಯ ಕಡಮೆ. ಸಿಲಿಂಡರಿಗೆ ನಾಲ್ಕು ವಾಲ್ವುಗಳುಳ್ಳ ಈಗಿನ ಕಾರುಗಳಲ್ಲಿ ಪ್ಲಗ್ಗು ಸಾಮಾನ್ಯವಾಗಿ ಮಧ್ಯದಲ್ಲಿಯೇ ಇರುತ್ತದೆ. ಎರಡು ಪ್ಲಗ್ಗುಗಳನ್ನಿಟ್ಟು ಎರಡು ಕಡೆಯಿಂದ ಹೊತ್ತಿಸುವ ಉಪಾಯವೂ ಉಂಟು. ೨೦೦೩ರಲ್ಲಿ ಬಜಾಜ್ ಕಾರ್ಖಾನೆಯವರು ಪಲ್ಸರ್ ಮೋಟಾರು ಸೈಕಲ್ಲಿಗೆ ಇದನ್ನು ತಂದರು. ಆದರೆ ಇವೆಲ್ಲವೂ ಕಾರ್ಖಾನೆಯಲ್ಲಿ ಎರಕ ಹೊಯ್ಯುವಾಗಲೇ ತೀರ್ಮಾನವಾದ ಸಂಗತಿಗಳು. ಕೊಂಡವನು ಬದಲಿಸಬಹುದಾದುದು ಪ್ಲಗ್ಗನ್ನೇ ಹೊರತು ಅದರ ರಂಧ್ರವನ್ನಲ್ಲ.

ಆಯ್ಕೆಯಲ್ಲಿ ಮೊದಲು ನೋಡತಕ್ಕದ್ದು ಬೆಲೆಯನ್ನಲ್ಲ, ಉದ್ದವನ್ನು. ೧೪ ಮಿಲಿಮೀಟರು ದಪ್ಪದ ಪ್ಲಗ್ಗುಗಳಲ್ಲಿಯೇ ತಿರುಪು ಭಾಗವು ೧೨.೭ ಮಿಲಿಮೀಟರು ಇರುವವೂ ೧೯ ಮಿಲಿಮೀಟರು ಇರುವವೂ ಇವೆ. ಎರಡೂ ಒಂದೇ ರಂಧ್ರಕ್ಕೆ ಸಲೀಸಾಗಿ ಹತ್ತುತ್ತವೆ. ಉದ್ದವಾದುದನ್ನು ಗಿಡ್ಡ ರಂಧ್ರಕ್ಕೆ ಹಾಕಿದರೆ ಪಿಸ್ಟನ್ನು ಬಂದು ಅದನ್ನು ಬಡಿಯಬಹುದು. ಗಿಡ್ಡವಾದುದನ್ನು ಉದ್ದ ರಂಧ್ರಕ್ಕೆ ಹಾಕಿದರೆ ಕಿಡಿಯು ಗೂಡಿನೊಳಗೆ ಅಡಗಿದಂತಾಗಿ ಶಕ್ತಿ ಕುಂದುವುದು. ಖಾಲಿ ಉಳಿದ ತಿರುಪಿನಲ್ಲಿ ಮಸಿಯೂ ಕಟ್ಟಿಕೊಳ್ಳುವುದು.

ಎರಡನೆಯದು ಶಾಖದ ದರ್ಜೆ. ಪ್ಲಗ್ಗಿನ ತುದಿಯು ಸುಮಾರು ೫೦೦ ಡಿಗ್ರಿ ಸೆಂಟಿಗ್ರೇಡಿಗಿಂತ ತಣ್ಣಗಿದ್ದರೆ ಅದರ ಮೇಲಿನ ಮಸಿಯು ಸುಟ್ಟುಹೋಗದೆ ನಿಲ್ಲುವುದು. ೮೫೦ನ್ನು ಮೀರಿದರೆ ತುದಿಯೇ ಕೆಂಡವಾಗಿ, ಕಿಡಿ ಹಾರುವುದಕ್ಕೆ ಮೊದಲೇ ಮಿಶ್ರಣವನ್ನು ಹೊತ್ತಿಸುವುದು. ಹೀಗೆ ಪಿಸ್ಟನ್ನಿನ ತಲೆ ಕರಗಿ ತೂತಾಗುವುದೂ ಉಂಟು. ಒಳಗಿನ ಪಿಂಗಾಣಿಯ ಮೂತಿಯು ಉದ್ದವಾಗಿರುವ ಪ್ಲಗ್ಗು ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ, ಗಿಡ್ಡವಾಗಿರುವುದು ಬೇಗನೆ. ಇವುಗಳಿಗೆ ಬಿಸಿ ಪ್ಲಗ್ಗು, ತಣ್ಣನೆಯ ಪ್ಲಗ್ಗು ಎಂದು ಹೆಸರು. ಈ ದರ್ಜೆಯ ಅಂಕಿಯು ಎಲ್ಲ ತಯಾರಕರಲ್ಲಿಯೂ ಒಂದೇ ಅರ್ಥವನ್ನು ಕೊಡುವುದಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಎನ್.ಜಿ.ಕೆ. ಪ್ಲಗ್ಗುಗಳಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ಗು ತಣ್ಣನೆಯದು. ಬಾಷ್ ಮತ್ತು ಚಾಂಪಿಯನ್ ಪ್ಲಗ್ಗುಗಳಲ್ಲಿ ಅಂಕಿ ಹೆಚ್ಚಿದಷ್ಟೂ ಬಿಸಿಯದು. ಒಂದರ ಅಂಕಿಯನ್ನು ಇನ್ನೊಂದರ ಪೆಟ್ಟಿಗೆಯ ಮೇಲೆ ಹುಡುಕುವುದು ಅಪಾಯಕರ.

ಇನ್ನು ಸಂದಿನ ವಿಷಯ. ಅನೇಕ ಪಂಪು ಎಂಜಿನ್ನುಗಳಿಗೆ ೦.೭ರಿಂದ ೦.೮ ಮಿಲಿಮೀಟರು, ಎಷ್ಟೋ ಕಾರುಗಳಿಗೆ ೧ ಮಿಲಿಮೀಟರಿನ ಸುಮಾರು ಸಂದು ಇರುತ್ತದೆ. ಆಯಾ ಯಂತ್ರದ ಕೈಪಿಡಿಯಲ್ಲಿ ಹೇಳಿರುವ ಅಳತೆಯೇ ಪ್ರಮಾಣ. ಕಿಡಿ ಹಾರಿ ಹಾರಿ ಲೋಹವು ಸವೆದಂತೆ ಈ ಸಂದು ಅಗಲವಾಗುತ್ತದೆ. ಆಗ ಎಂಜಿನ್ನು ಖಾಲಿ ನಡೆಯುವಾಗ ಸರಿಯಾಗಿಯೇ ಇದ್ದು, ಏರು ಹತ್ತುವಾಗ ಇಲ್ಲವೆ ನೀರು ಎತ್ತುವಾಗ ಮುಗ್ಗರಿಸುತ್ತದೆ. ದುಬಾರಿ ಪ್ಲಗ್ಗು ಹಾಕಿದೊಡನೆ ಶಕ್ತಿ ಹೆಚ್ಚಿತೆಂದು ಹೇಳುವವರು ಸುಳ್ಳು ಹೇಳುತ್ತಾರೆಂದಲ್ಲ. ಅವರು ಹೊಸದನ್ನು ಸವೆದ ಹಳೆಯದರೊಡನೆ ಹೋಲಿಸುತ್ತಿದ್ದಾರೆ, ಅಷ್ಟೆ. ಸರಿಯಾದ ಸಂದಿನ ಸಾಮಾನ್ಯ ಹೊಸ ಪ್ಲಗ್ಗನ್ನು ಹಾಕಿದ್ದರೂ ಆ ಲಾಭವು ಸಿಕ್ಕುತ್ತಿತ್ತು. ಇರಿಡಿಯಂ, ಪ್ಲಾಟಿನಂ ತುದಿಗಳ ಗುಣವು ಮುಖ್ಯವಾಗಿ ಬಾಳಿಕೆಯಲ್ಲಿದೆ. ಪ್ಲಗ್ಗನ್ನು ಬಿಚ್ಚುವುದೇ ಪ್ರಯಾಸವಾದ ಕಾರುಗಳಲ್ಲಿ ಅದು ದೊಡ್ಡ ಅನುಕೂಲ. ಎರಡು ನಿಮಿಷದಲ್ಲಿ ಬಿಚ್ಚಬಹುದಾದ ಪಂಪಿನಲ್ಲಿ ಅಷ್ಟೇನೂ ಅಲ್ಲ.

ಪ್ಲಗ್ಗಿನ ಬಾಯಿಯ ದಿಕ್ಕಿನಿಂದ ಸಾಮಾನ್ಯ ಎಂಜಿನ್ನುಗಳಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ಪಂದ್ಯದ ಕಾರುಗಳವರು ತೆಳ್ಳನೆಯ ತಾಮ್ರದ ವಾಷರುಗಳನ್ನಿಟ್ಟು ಬಾಯಿಯನ್ನು ಬೇಕಾದ ಕಡೆಗೆ ತಿರುಗಿಸುತ್ತಾರೆ. ತಿರುಪು ಒಂದು ಸುತ್ತಿಗೆ ೧.೨೫ ಮಿಲಿಮೀಟರು ಇಳಿಯುವುದರಿಂದ ಕಾಲು ಸುತ್ತಿಗೆ ೦.೩ ಮಿಲಿಮೀಟರಿನ ವಾಷರು ಸಾಕು. ರಸ್ತೆಯಲ್ಲಾಗಲಿ ತೋಟದಲ್ಲಾಗಲಿ ಇದರ ಫಲ ಕಾಣಿಸದು. ಸಿಲಿಂಡರಿನೊಳಕ್ಕೆ ನೇರವಾಗಿ ಪೆಟ್ರೋಲು ಚಿಮ್ಮುವ ಕೆಲವು ಹೊಸ ಕಾರುಗಳಲ್ಲಿ ಮಾತ್ರ ದಿಕ್ಕನ್ನು ತಯಾರಕರೇ ಗೊತ್ತುಮಾಡಿರುತ್ತಾರೆ. ಅಲ್ಲಿ ಅವರು ಹೇಳಿದ ಪ್ಲಗ್ಗನ್ನೇ ಹಾಕತಕ್ಕದ್ದು.

ದಿಕ್ಕಿಗಿಂತ ಬಿಗಿತವು ಮುಖ್ಯ. ಸಡಿಲವಾದ ಪ್ಲಗ್ಗಿನಿಂದ ಶಾಖವು ಸಿಲಿಂಡರಿನ ಹೆಡ್ಡಿಗೆ ಇಳಿಯದೆ ತುದಿಯು ಕಾಯುತ್ತದೆ. ಎಂಜಿನ್ನು ತಣ್ಣಗಿರುವಾಗ, ಸುತ್ತಲಿನ ಧೂಳನ್ನು ಒರಸಿ, ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಬೇಕು. ವಾಷರುಳ್ಳ ಹೊಸ ಪ್ಲಗ್ಗಾದರೆ ಆಮೇಲೆ ಸ್ಪಾನರಿನಿಂದ ಸುಮಾರು ಅರ್ಧ ಸುತ್ತು ಸಾಕು.

ಬಿಚ್ಚಿದ ಪ್ಲಗ್ಗಿನ ಬಣ್ಣವು ಎಂಜಿನ್ನಿನ ಸ್ಥಿತಿಯನ್ನು ಹೇಳುತ್ತದೆ. ತಿಳಿಕಂದು ಬಣ್ಣವಿದ್ದರೆ ಎಲ್ಲವೂ ಸರಿ. ಬೆಳ್ಳಗೆ ಸುಟ್ಟು ಗುಳ್ಳೆಯೆದ್ದಿದ್ದರೆ ಶಾಖ ಹೆಚ್ಚಾಗಿದೆ. ಒದ್ದೆಯಾದ ಎಣ್ಣೆಯಂಟು ಇದ್ದರೆ ಪಿಸ್ಟನ್ನಿನ ರಿಂಗುಗಳು ಸವೆದಿರಬಹುದು. ಒಣ ಕಪ್ಪು ಮಸಿ ಇದ್ದಲ್ಲಿ ಬೇರೆ ದರ್ಜೆಯ ಪ್ಲಗ್ಗನ್ನು ಹುಡುಕುವುದಕ್ಕೆ ಮುಂಚೆ ಗಾಳಿ ಶೋಧಿಸುವ ಫಿಲ್ಟರನ್ನು ತೆಗೆದು ನೋಡಬೇಕು. ಅದು ಧೂಳಿನಿಂದ ಕಟ್ಟಿಕೊಂಡಿರುವುದೇ ಹೆಚ್ಚು. ಪೆಟ್ರೋಲಿನಲ್ಲಿ ಆರಂಭಿಸಿ ಸೀಮೆಎಣ್ಣೆಯಲ್ಲಿ ನಡೆಸುವ ಪಂಪುಗಳಲ್ಲಾದರೆ, ಎಂಜಿನ್ನು ಚೆನ್ನಾಗಿ ಕಾಯುವ ಮೊದಲೇ ಸೀಮೆಎಣ್ಣೆಗೆ ತಿರುಗಿಸುವುದರಿಂದ ಈ ಮಸಿ ಕಟ್ಟುತ್ತದೆ. ಅಂಥ ಪಂಪನ್ನು ನಿಲ್ಲಿಸುವುದಕ್ಕೆ ಕೆಲವು ನಿಮಿಷ ಮುಂಚೆ ಪುನಃ ಪೆಟ್ರೋಲಿಗೆ ತಿರುಗಿಸಿದರೆ, ಮರುದಿನ ಬೆಳಿಗ್ಗೆ ಹಗ್ಗ ಎಳೆಯುವವನ ತೋಳಿಗೆ ಶ್ರಮವು ಕಡಮೆಯಾಗುವುದು.