ಮರಳು ಬಾಗಿಸಿದ ನದಿಗಳು

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ. ನಡುವೆ ರಸ್ತೆ, ಒಂದಿಷ್ಟು ಮರಳು, ಅಷ್ಟೇ. ಕೊಡಚಾದ್ರಿಯಿಂದ ಇಳಿದು ಕೊಲ್ಲೂರು ದಾಟಿ ಬಂದ ನದಿ ಅಲೆಯ ಸದ್ದು ಕೇಳುವಷ್ಟು ಹತ್ತಿರ ಬಂದು, ಕಡಲಿಗೆ ಬೆನ್ನು ಹಾಕಿ ದಕ್ಷಿಣಕ್ಕೆ ತಿರುಗುತ್ತದೆ. ಗಂಗೊಳ್ಳಿಯ ತನಕ ಹೋಗಿ, ಅಲ್ಲಿ ವಾರಾಹಿ, ಚಕ್ರಾ ಮೊದಲಾದ ಹೊಳೆಗಳ ಜೊತೆ ಪಂಚಗಂಗಾವಳಿಯಾಗಿ ಸಮುದ್ರ ಸೇರುತ್ತದೆ. ಕಾರು ನಿಲ್ಲಿಸಿ ಫೋಟೊ ತೆಗೆಯುವವರಿಗೆ ಒಮ್ಮೆಯಾದರೂ ಹೊಳೆಯುವ ಪ್ರಶ್ನೆ ಇದು: ಇಷ್ಟು ಹತ್ತಿರ ಬಂದ ನೀರು ಆ ಒಂದಿಷ್ಟು ಮರಳನ್ನು ಸೀಳಿಕೊಂಡು ಹೋಗಬಾರದಿತ್ತೇ?

ಸೌಪರ್ಣಿಕಾ ಒಬ್ಬಳೇ ಹೀಗೆ ಮಾಡಿದ್ದಲ್ಲ. ಕರಾವಳಿಯ ನಕಾಶೆಯನ್ನು ಮುಂದಿಟ್ಟುಕೊಂಡು ದಕ್ಷಿಣಕ್ಕೆ ಕಣ್ಣಾಡಿಸಿ. ಕೆಮ್ಮಣ್ಣಿನ ಬಳಿ ಬರುವ ಸುವರ್ಣಾ ಉತ್ತರಕ್ಕೆ ತಿರುಗಿ, ಸೀತಾ ನದಿಯನ್ನು ಕೂಡಿಕೊಂಡು ಕೋಡಿಬೆಂಗ್ರೆಯ ತುದಿಯಲ್ಲಿ ಕಡಲಿಗೆ ಬೀಳುತ್ತದೆ. ಉದ್ಯಾವರ ಹೊಳೆ ಪಡುಕರೆಯ ಹಿಂದೆಯೇ ಸಾಗಿ ಮಲ್ಪೆಯಲ್ಲಿ ಬಾಯಿ ತೆರೆಯುತ್ತದೆ. ಮೂಲ್ಕಿಯಲ್ಲಿ ಹೆಜಮಾಡಿ ಕೋಡಿ ಮತ್ತು ಸಸಿಹಿತ್ಲು ಎದುರುಬದುರು ನಿಂತಿವೆ. ನಡುವಿನ ಕಿರಿದಾದ ಅಳಿವೆಯಲ್ಲಿ ಶಾಂಭವಿ ಮತ್ತು ನಂದಿನಿ ಹೊರಗೆ ಹೋಗುತ್ತವೆ. ಮಂಗಳೂರಿನಲ್ಲಿ ಗುರುಪುರ ಹೊಳೆ ಬೆಂಗ್ರೆಯ ಹಿಂದೆ ದಕ್ಷಿಣಕ್ಕೆ ಹರಿದರೆ, ನೇತ್ರಾವತಿಯ ಬಾಯಿಗೆ ಉಳ್ಳಾಲದ ಮರಳುನಾಲಿಗೆ ಉತ್ತರಕ್ಕೆ ಚಾಚಿದೆ. ಎರಡೂ ನದಿಗಳಿಗೆ ಒಂದೇ ಅಳಿವೆ ಬಾಗಿಲು. ನೇರವಾಗಿ ಕಡಲಿಗೆ ನುಗ್ಗುವ ದೊಡ್ಡ ಹೊಳೆ ಈ ಭಾಗದಲ್ಲಿ ಅಪರೂಪ.

ಇದನ್ನೆಲ್ಲ ಮಾಡಿದ್ದು ಮರಳು. ಆ ಮರಳನ್ನು ಹೊತ್ತು ತಂದದ್ದೂ ಇವೇ ನದಿಗಳು.

ಕಥೆ ಸುಮಾರು 20,000 ವರ್ಷ ಹಿಂದಕ್ಕೆ ಹೋಗುತ್ತದೆ. ಭೂಮಿಯ ನೀರಿನ ದೊಡ್ಡ ಪಾಲು ಹಿಮವಾಗಿ ಧ್ರುವಗಳ ಕಡೆ ಕೂತಿದ್ದ ಆ ಕಾಲದಲ್ಲಿ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಇಂದಿನ ಮಲ್ಪೆ, ಮಂಗಳೂರುಗಳಿಂದ ಕಡಲು ನೋಡಬೇಕೆಂದರೆ ಪಶ್ಚಿಮಕ್ಕೆ ಹತ್ತಾರು ಕಿಲೋಮೀಟರ್ ನಡೆಯಬೇಕಿತ್ತು. ಹಿಮ ಕರಗಿದಂತೆ ನೀರು ಏರಿತು, ನದಿಗಳ ಕೆಳಗಿನ ಕಣಿವೆಗಳು ಮುಳುಗಿದವು. ಆರೇಳು ಸಾವಿರ ವರ್ಷಗಳ ಹಿಂದೆ ಆ ಏರಿಕೆ ಹೆಚ್ಚುಕಡಿಮೆ ನಿಂತಿತು. ಕಡಲು ಒಂದು ಮಟ್ಟದಲ್ಲಿ ನಿಂತ ಮೇಲಷ್ಟೇ ಅಲೆಗಳಿಗೆ ಒಂದೇ ಗೆರೆಯ ಮೇಲೆ ಮತ್ತೆಮತ್ತೆ ಕೆಲಸ ಮಾಡಲು ಸಾಧ್ಯವಾಯಿತು. ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದಕ್ಕೆ ಸರಿಸಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಭೂವಿಜ್ಞಾನದ ಕಥೆಯಲ್ಲಿ ಕಡಲೇ ಮುಂದೆ ಬಂದದ್ದು, ಬಂದು ನಿಂತ ಮೇಲೆ ತಾನೇ ನೆಲ ಕಟ್ಟಿಕೊಟ್ಟದ್ದು.

ಕಟ್ಟುವ ಕ್ರಮ ಹೀಗೆ. ಘಟ್ಟದ ಮೇಲೆ ಮಳೆ ಸುರಿದಾಗ ಹೊಳೆಗಳು ಕಲ್ಲನ್ನು ಅರೆದು ಮರಳು, ಮಣ್ಣು ಎರಡನ್ನೂ ಕೆಳಗೆ ತರುತ್ತವೆ. ಅಳಿವೆಯಲ್ಲಿ ನದಿಯ ಓಟಕ್ಕೆ ಅಲೆ ಎದುರಾಗುತ್ತದೆ, ವೇಗ ಕುಗ್ಗುತ್ತದೆ, ದಪ್ಪ ಮರಳು ಅಲ್ಲೇ ಬೀಳುತ್ತದೆ. ನುಣ್ಣನೆಯ ಕೆಸರು ಹಿನ್ನೀರಿನಲ್ಲಿ ತಂಗುತ್ತದೆ, ಇಲ್ಲವೇ ಆಳ ಸಮುದ್ರಕ್ಕೆ ಹೋಗುತ್ತದೆ. ಬಿದ್ದ ಮರಳನ್ನು ಇನ್ನು ಕಡಲು ನೋಡಿಕೊಳ್ಳುತ್ತದೆ. ಅಲೆ ದಡಕ್ಕೆ ಓರೆಯಾಗಿ ಬಂದು ಮರಳುಕಾಳನ್ನು ಓರೆಯಾಗಿಯೇ ಮೇಲಕ್ಕೆ ತಳ್ಳುತ್ತದೆ. ಹಿಂದಿರುಗುವ ನೀರು ಮಾತ್ರ ಇಳಿಜಾರಿನಲ್ಲಿ ನೇರ ಕೆಳಗಿಳಿಯುತ್ತದೆ. ಒಂದು ಅಲೆಗೆ ಕಾಳು ಗೇಣುದ್ದವೋ ಮಾರುದ್ದವೋ ಪಕ್ಕಕ್ಕೆ ಸರಿದಿರುತ್ತದೆ. ಹಗಲಿರುಳು ನಡೆಯುವ ಕೆಲಸವಾದ್ದರಿಂದ ಮರಳಿನ ದೊಡ್ಡ ಮೆರವಣಿಗೆಯೇ ದಡದುದ್ದಕ್ಕೂ ಸಾಗುತ್ತದೆ. ನದಿಯ ಬಾಯಿ ಸಿಕ್ಕಿದಲ್ಲಿ ದಡದ ಆಸರೆ ತಪ್ಪುತ್ತದೆ, ಮರಳು ನೀರಿನಡಿ ಬೀಳುತ್ತಾ ತುದಿ ಮುಂದಕ್ಕೆ ಬೆಳೆಯುತ್ತದೆ. ಅದೇ ಕೋಡಿ, ಅದೇ ಬೆಂಗ್ರೆ. ಅಳಿವೆಯತ್ತ ಬಾಗಿ ಬರುವ ಅಲೆಗಳು ತುದಿಯನ್ನು ಒಳಕ್ಕೆ ಕೊಕ್ಕೆಯಂತೆ ತಿರುಗಿಸುತ್ತವೆ.

ಉಬ್ಬರವಿಳಿತವೂ ಇದಕ್ಕೆ ಒದಗಿಬಂತು. ಮಂಗಳೂರಿನಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ ಮೀಟರ್ ಆಸುಪಾಸಿನ ಅಂತರ. ಗುಜರಾತಿನ ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಅದು 10 ಮೀಟರ್ ಮುಟ್ಟುತ್ತದೆ. ಅಷ್ಟು ನೀರು ದಿನಕ್ಕೆರಡು ಸಲ ಒಳಹೊರಗೆ ನುಗ್ಗುವಲ್ಲಿ ಇಂಥ ತೆಳು ಮರಳುನಾಲಿಗೆ ಉಳಿಯುವುದು ಕಷ್ಟ.

ಹಾಗಾದರೆ ಮರಳು ಯಾವ ದಿಕ್ಕಿಗೆ ಸಾಗುತ್ತದೆ? ನಮ್ಮ ಕರಾವಳಿಯ ನಿಜವಾದ ಸ್ವಾರಸ್ಯ ಇರುವುದು ಇಲ್ಲಿ. ಸೌಪರ್ಣಿಕಾ ತಿರುಗಿದ್ದು ದಕ್ಷಿಣಕ್ಕೆ, ಸುವರ್ಣಾ ಉತ್ತರಕ್ಕೆ. ಬೆಂಗ್ರೆಯ ಮೂತಿ ದಕ್ಷಿಣಕ್ಕೆ, ಉಳ್ಳಾಲದ್ದು ಉತ್ತರಕ್ಕೆ. ಮರಳು ಒಂದೇ ಕಡೆಗೆ ಹೋಗುತ್ತಿದ್ದರೆ ಎಲ್ಲ ನಾಲಿಗೆಗಳೂ ಒಂದೇ ಕಡೆ ಚಾಚಿರಬೇಕಿತ್ತು. ಇಲ್ಲಿ ಅಲೆ ಬರುವ ದಿಕ್ಕು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಅದರ ಜೊತೆ ಮರಳಿನ ದಾರಿಯೂ. ಒಂದು ಋತುವಿನಲ್ಲಿ ಹೋದದ್ದರಲ್ಲಿ ಬಹುಪಾಲು ಇನ್ನೊಂದರಲ್ಲಿ ಹಿಂದಿರುಗುತ್ತದೆ.

ದಡ ಮತ್ತು ಆಳದ ನಡುವೆಯೂ ಇಂಥದ್ದೇ ಓಡಾಟ. ಜೂನ್‌ನಲ್ಲಿ ಮುಂಗಾರಿನ ಎತ್ತರದ, ಒತ್ತೊತ್ತಾದ ಅಲೆಗಳು ದಂಡೆಯನ್ನು ಕೆರೆದು ಮರಳನ್ನು ಕಡಲೊಳಗೆ ಒಯ್ಯುತ್ತವೆ. ಅದು ದೂರ ಹೋಗುವುದಿಲ್ಲ. ದಡದಾಚೆ ನೀರಿನಡಿಯಲ್ಲೇ ದಿಣ್ಣೆಯಾಗಿ ಕೂರುತ್ತದೆ, ಮುಂದಿನ ದೊಡ್ಡ ಅಲೆಗಳು ಅದರ ಮೇಲೇ ಒಡೆದು ಸೊಕ್ಕು ಕಳೆದುಕೊಳ್ಳುತ್ತವೆ. ಕಡಲು ತಾನು ಕಿತ್ತದ್ದರಿಂದಲೇ ದಡಕ್ಕೆ ಕಾವಲು ಕಟ್ಟುತ್ತದೆಂದರೂ ತಪ್ಪಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಅಲೆಗಳು ಉದ್ದವಾಗಿ, ಮಂದವಾಗಿ ಆ ಮರಳನ್ನು ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ತಳ್ಳುತ್ತವೆ. ದಂಡೆ ಮತ್ತೆ ಅಗಲವಾಗುತ್ತದೆ. ಊರಿಗೆ ಊರೇ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯ ಸುಗ್ಗಿಯೂ ಮಳೆ ಕಳೆದ ಮೇಲೆಯೇ. ಬೂತಾಯಿ, ಬಂಗುಡೆ ದಡದ ಸಮೀಪ ಬರುವ ಕಾಲಕ್ಕೆ ಬಲೆ ಎಳೆಯಲು ನೆಲವೂ ಸಿದ್ಧವಾಗಿರುತ್ತಿತ್ತು.

ದಂಡೆಯ ಮೇಲೆ ಒಣಗಿದ ಮರಳನ್ನು ಗಾಳಿ ಇನ್ನಷ್ಟು ಒಳಕ್ಕೆ ಒಯ್ಯುತ್ತದೆ. ನೇರಳೆ ಹೂವಿನ ಅಡುಂಬು ಬಳ್ಳಿ ಅದನ್ನು ಹಿಡಿದು ದಿಬ್ಬ ಮಾಡುತ್ತದೆ. ದಿಬ್ಬದೊಳಗೆ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಅದರ ಮೇಲೆ ತೇಲುತ್ತಾ ನಿಲ್ಲುತ್ತದೆ. ಎರಡು ಕಡೆ ಉಪ್ಪುನೀರಿರುವ ಇಂಥ ಮರಳಪಟ್ಟಿಯಲ್ಲೂ ಬಾವಿ ತೋಡಿ ಸಿಹಿನೀರು ಕುಡಿಯಲು ಸಾಧ್ಯವಾಗುವುದು ಇದರಿಂದ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತದೆ. ಮರಳಪಟ್ಟಿಯ ಹಿಂದೆ ಅಲೆಯಿಲ್ಲದ ನೀರು, ಕೆಸರು, ಕಾಂಡ್ಲಾ ಗಿಡಗಳು, ಕುದ್ರು ಎಂಬ ನಡುಗಡ್ಡೆಗಳು. ನೇತ್ರಾವತಿ, ಗುರುಪುರ ನದಿಗಳು ದಡದಲ್ಲಿ ಬಿಟ್ಟ ಜೇಡಿಮಣ್ಣೇ ಮಂಗಳೂರು ಹೆಂಚಾಯಿತು. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದದ್ದು ಇದೇ ಮಣ್ಣನ್ನು ನಂಬಿ.

ಒಂದೇ ದಿಕ್ಕಿಗೆ ಮರಳು ಹರಿಯುವ ಕಡೆ ಏನಾಗುತ್ತದೆ ಎಂಬುದನ್ನು ಚೆನ್ನೈ ತೋರಿಸಿಕೊಟ್ಟಿದೆ. ಅಲ್ಲಿ ಒಟ್ಟಾರೆ ಓಟ ಉತ್ತರಕ್ಕೆ. 1870ರ ದಶಕದಲ್ಲಿ ಮದ್ರಾಸು ಬಂದರಿಗಾಗಿ ಕಲ್ಲಿನ ತೋಳುಗಳನ್ನು ಕಡಲಿಗೆ ಚಾಚತೊಡಗಿದರು. ಬಂದ ಮರಳು ದಕ್ಷಿಣದಲ್ಲಿ ಸಿಕ್ಕಿಬಿದ್ದು ದಂಡೆ ಅಗಲವಾಗುತ್ತಲೇ ಹೋಯಿತು. ಗವರ್ನರ್ ಗ್ರಾಂಟ್ ಡಫ್ 1880ರ ದಶಕದಲ್ಲಿ ಅಲ್ಲಿ ವಿಹಾರಪಥ ಮಾಡಿಸಿ ಮರೀನಾ ಎಂದು ಹೆಸರಿಟ್ಟ. ಬಂದರಿನ ಉತ್ತರಕ್ಕಿರುವ ರಾಯಪುರಂ ಕಡೆಯ ದಡ ಮಾತ್ರ ಮರಳಿಲ್ಲದೆ ಸವೆಯಿತು. ಮರೀನಾದಲ್ಲಿ ಸಂಜೆ ಗಾಳಿ ಕುಡಿಯುವವರು ಇದನ್ನು ನೆನೆಯುವುದು ಕಡಿಮೆ.

ನಮ್ಮಲ್ಲಿ ನಷ್ಟ ಅಷ್ಟು ಸ್ಪಷ್ಟವಾಗಿ ಒಂದೇ ಮಗ್ಗುಲಿಗೆ ಕಾಣುವುದಿಲ್ಲ, ಹಾಗಾಗಿ ಜಗಳವೂ ಬಗೆಹರಿಯುವುದಿಲ್ಲ. ಮಂಗಳೂರಿನ ಹಳೆ ಬಂದರಿಗೆ ಅಳಿವೆಯ ಮರಳದಿಣ್ಣೆ ಎಂದಿನಿಂದಲೂ ಕಂಟಕ. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕಿತ್ತು, ಸರಕು ಚಿಕ್ಕ ದೋಣಿಗಳಲ್ಲಿ ಒಳಗೆ ಬರಬೇಕಿತ್ತು. ಪಣಂಬೂರಿನಲ್ಲಿ ನೆಲ ಅಗೆದು ಕಟ್ಟಿದ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಮೀನುಗಾರರ ಬೋಟುಗಳಿಗೆ ಮಾತ್ರ ಇಂದಿಗೂ ಹಳೆ ಅಳಿವೆಯೇ ದಾರಿ. ಬಾಯಿ ಅಲುಗಾಡದಿರಲೆಂದು ಅಲ್ಲಿ ಎರಡೂ ಕಡೆ ಅಲೆತಡೆಗೋಡೆ ಕಟ್ಟಿದರು. ಹೋಗಿಬರುತ್ತಿದ್ದ ಮರಳಿಗೆ ನಡುದಾರಿಯಲ್ಲಿ ಕಲ್ಲು ಅಡ್ಡ ಬಂತು. ಉಳ್ಳಾಲದಲ್ಲಿ ಮಳೆಗಾಲದ ಕೊರೆತ ಪ್ರತಿ ವರ್ಷದ ಸುದ್ದಿ. ಕೊರೆತಕ್ಕೆಲ್ಲ ಗೋಡೆಯೊಂದೇ ಕಾರಣ ಎನ್ನಲಾಗದು. ನೇತ್ರಾವತಿಯಲ್ಲಿ ಅಣೆಕಟ್ಟುಗಳಿವೆ, ಮರಳುಗಾರಿಕೆ ಇದೆ, ಕಡಲಿಗೆ ತಲುಪಬೇಕಾದ ಮರಳಿನ ಒಂದು ಪಾಲು ಲಾರಿ ಹತ್ತುತ್ತದೆ.

ಕೊರೆತಕ್ಕೆ ನಮ್ಮ ಹಳೆಯ ಮದ್ದು ದಡದುದ್ದಕ್ಕೂ ಬಂಡೆ ಸುರಿಯುವುದು. ಅಲೆ ಬಂಡೆಗೆ ಬಡಿದು ಹಿಂದಕ್ಕೆ ಚಿಮ್ಮುವಾಗ ಬುಡದ ಮರಳನ್ನೇ ಎಳೆದೊಯ್ಯುತ್ತದೆ, ಬಂಡೆ ಕುಸಿಯುತ್ತದೆ, ಮರುವರ್ಷ ಮತ್ತೆ ಬಂಡೆ ಬರುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂಥ ಖರ್ಚು. ದೋಣಿ ಎಳೆದಿಡಲು, ಬಲೆ ಒಣಗಿಸಲು ಜಾಗವೂ ಉಳಿಯುವುದಿಲ್ಲ. ಇತ್ತೀಚೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಉಳ್ಳಾಲದಾಚೆ ನೀರಿನೊಳಗೆ ಕೃತಕ ಬಂಡೆಸಾಲು ಕಟ್ಟಿದ್ದಾರೆ. ಅಲೆಯನ್ನು ದೂರದಲ್ಲೇ ಒಡೆಯಬೇಕೆಂಬ ಆ ಯೋಚನೆ ಮಳೆಗಾಲದ ಮರಳದಿಣ್ಣೆಯ ಕೆಲಸವನ್ನೇ ಹೋಲುತ್ತದೆ, ಹಾಗಾಗಿ ಬರೀ ಗೋಡೆಗಿಂತ ನನಗೆ ಅದು ಒಪ್ಪುತ್ತದೆ. ಆದರೆ ಅದಕ್ಕೂ ಹಿಂದೆ ತಂದು ಹಾಕಲು ಮರಳು ಬೇಕು.

ಆ ಮರಳು ತೀರ ದೂರದಲ್ಲೇನೂ ಇಲ್ಲ. ಅಳಿವೆಯಲ್ಲಿ ಬೋಟುಗಳ ತಳ ಕಚ್ಚುವ ಹೂಳಿನಲ್ಲಿ ಬಹುಪಾಲು ದಂಡೆಯ ಮರಳೇ. ಡ್ರೆಜ್ಜರ್ ಅದನ್ನು ಎತ್ತಿ ಕೊರೆತವಾಗುವ ದಡದ ಮುಂದೆ, ಆಳವಿಲ್ಲದ ನೀರಿನಲ್ಲಿ ಸುರಿದರೆ ಉಳಿದದ್ದನ್ನು ಸೆಪ್ಟೆಂಬರಿನ ಅಲೆಗಳು ಮಾಡಿಕೊಳ್ಳುತ್ತವೆ. ದೂರದ ಆಳಕ್ಕೆ ಒಯ್ದು ಚೆಲ್ಲಿದರೆ ಅಲೆಯ ಕೈಗೆ ಅದು ಸಿಗುವುದಿಲ್ಲ. ಎರಡನೆಯದಕ್ಕೆ ಲೆಕ್ಕಪತ್ರ ಸುಲಭ. ಮೊದಲನೆಯದಕ್ಕೆ ಬಂದರಿನವರು, ಮೀನುಗಾರರು, ಉಳ್ಳಾಲದವರು ಒಂದೇ ಮೇಜಿನ ಸುತ್ತ ಕೂತು, ಹೂಳೆತ್ತುವ ಟೆಂಡರಿನಲ್ಲಿ ಎಲ್ಲಿ ಸುರಿಯಬೇಕೆಂದು ಮೊದಲೇ ಬರೆಸಬೇಕು.