ನಿಮಗಿದು ಗೊತ್ತೆ? ಪೈಲಟ್‌ಗೆ ಔಷಧಿ ತೊಟ್ಟಿಯೇ ಗುರಾಣಿ

ಬೆಳೆಗೆ ಔಷಧಿ ಸಿಂಪಡಿಸುವ ವಿಮಾನದಲ್ಲಿ ಪೈಲಟ್ ಸಾಮಾನ್ಯವಾಗಿ ಕೂರುವುದು ಔಷಧಿ ತೊಟ್ಟಿಯ ಹಿಂದೆ, ತುಸು ಎತ್ತರದಲ್ಲಿ. ಹುಲ್ಲಿನ ರನ್‌ವೇಯಲ್ಲಿ ವಿಮಾನ ಮುಗ್ಗರಿಸಿದರೆ, ನೂರಾರು ಕಿಲೋ ತೂಗುವ ತುಂಬಿದ ತೊಟ್ಟಿ ಮುಂದಕ್ಕೆ ನುಗ್ಗುತ್ತದೆ. ಅದು ಬೆನ್ನ ಹಿಂದಿದ್ದರೆ ಪೈಲಟ್ ಜಜ್ಜಿಹೋಗುವ ಅಪಾಯ. ಎದುರಿಗಿದ್ದರೆ ಎಂಜಿನ್, ತೊಟ್ಟಿಗಳೇ ಮೊದಲ ಪೆಟ್ಟು ತಿನ್ನುತ್ತವೆ. ಜೀವ ಉಳಿಸುವ ಜಾಣ ಏರ್ಪಾಡು ಇದು.

ಕೃಷಿಗೆಂದೇ ಇಂಥದೊಂದು ವಿಮಾನ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿತ್ತು. ಹೆಸರು ‘ಬಸಂತ್’. ಮೊದಲ ಮಾದರಿಯನ್ನು ಬಹುಮಟ್ಟಿಗೆ ಬದಲಿಸಿ, ಕಾಕ್‌ಪಿಟ್ ಎತ್ತರಿಸಿ, 400 ಅಶ್ವಶಕ್ತಿಯ ಎಂಜಿನ್ ಕೂರಿಸಲಾಯಿತು. ಹೊಸ ರೂಪ ಹಾರಿದ್ದು 1972ರ ಮಾರ್ಚ್ 30ರಂದು. ಮೂಲಮಾದರಿಗಳೂ ಸೇರಿ 39 ವಿಮಾನಗಳಾದ ಮೇಲೆ, 1980ರಲ್ಲಿ ತಯಾರಿಕೆ ನಿಂತಿತು.